ಮೈನಸ್ 15ರ ಚಳಿಯಲ್ಲಿ ಮಕ್ಕಳನ್ನು ಆಡಲು ಬಿಡಲೇ?

ಪ್ರಶ್ನೆ: ನಮ್ಮೂರು ದಾವಣಗೆರೆ. ಹೋದ ಮೇ ತಿಂಗಳಲ್ಲಿ ಕೆನಡಾದ ಎಡ್ಮಂಟನ್‌ಗೆ ಬಂದಿದ್ದೇವೆ. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದೂವರೆ. ಬೇಸಿಗೆಯೆಲ್ಲ ಪಾರ್ಕಿನಲ್ಲೇ ಇರುತ್ತಿದ್ದ ಹುಡುಗ ನವೆಂಬರ್‌ನಿಂದ ಮನೆಯೊಳಗೆ ಸೇರಿಕೊಂಡಿದ್ದಾನೆ. ಡೇಕೇರ್‌ನಿಂದ ಬಂದವನೇ ಟ್ಯಾಬ್ ಕೇಳುತ್ತಾನೆ. ಕೊಡದಿದ್ದರೆ ತಂಗಿಯನ್ನು ತಳ್ಳುತ್ತಾನೆ, ಸೋಫಾ ಮೇಲಿಂದ ಧುಮುಕುತ್ತಾನೆ. ನಮ್ಮದು ಅಪಾರ್ಟ್‌ಮೆಂಟ್, ಕೆಳಗಿನ ಮನೆಯವರು ಎರಡು ಸಲ ಬಂದು ಹೇಳಿ ಹೋದರು. ರಾತ್ರಿ ಹತ್ತೂವರೆಯಾದರೂ ನಿದ್ದೆ ಮಾಡುವುದಿಲ್ಲ.

ಡೇಕೇರ್‌ನಲ್ಲಿ ಮೈನಸ್ 15 ಇದ್ದರೂ ಮಕ್ಕಳನ್ನು ಮುಕ್ಕಾಲು ಗಂಟೆ ಹೊರಗೆ ಬಿಡುತ್ತಾರೆ. ಮೊದಲ ದಿನ ಅದನ್ನು ನೋಡಿ ನನಗೆ ಅಳುವೇ ಬಂತು. ಅಕ್ಟೋಬರ್‌ನಲ್ಲಿ ಅತ್ತೆ ಬಂದಿದ್ದಾರೆ, ಆರು ತಿಂಗಳು ಇರುತ್ತಾರೆ. ‘ಕೂಸುಗಳನ್ನ ಹಿಮದಾಗ ಬಿಡ್ತಾರಲ್ಲ, ಎದಿಗೆ ಕಫ ಕಟ್ಟಿದ್ರೆ ಯಾರು ನೋಡ್ತಾರ’ ಎಂದು ದಿನಾ ಅನ್ನುತ್ತಾರೆ. ಮಗನನ್ನು ಡೇಕೇರ್ ಬಿಡಿಸು ಎಂಬ ಒತ್ತಾಯ ಬೇರೆ. ನಮ್ಮನೆಯವರದು ಶಿಫ್ಟ್ ಕೆಲಸ. ‘ಇಲ್ಲಿಯವರ ಮಕ್ಕಳು ಆಡೋದಿಲ್ವಾ’ ಎಂದು ಹೇಳಿ ಹೊರಟುಬಿಡುತ್ತಾರೆ. ಹುಡುಗನಿಗೆ ಎರಡು ತಿಂಗಳಿಂದ ಮೂಗು ಸೋರುವುದು ನಿಂತಿಲ್ಲ. ಓಡಾಡಿದ ದಿನ ರಾತ್ರಿ ಕೆಮ್ಮುತ್ತಾನೆ. ಸಂಜೆ ನಾಲ್ಕೂವರೆಗೆ ಕತ್ತಲಾಗುವುದನ್ನು ನೋಡಿದರೆ ನನಗೇ ಎದೆ ಭಾರವಾಗುತ್ತದೆ; ತರಕಾರಿ ತರುವುದಕ್ಕೆ ಬಿಟ್ಟರೆ ನಾನೂ ಹೊರಗೆ ಹೋಗುವುದಿಲ್ಲ. ಮಕ್ಕಳಿಗಾಗಿ ಊರಿಗೆ ವಾಪಸ್ ಬಂದುಬಿಡಬೇಕೇ? ದಯವಿಟ್ಟು ಹೇಳಿ. ಹೆಸರು ಹಾಕಬೇಡಿ.

ಉತ್ತರ: ನೇರ ಪ್ರಶ್ನೆಗೆ ಮೊದಲು ನೇರ ಉತ್ತರ ಕೊಡುತ್ತೇನೆ. ಮೈನಸ್ 15ರಲ್ಲಿ ಮಕ್ಕಳನ್ನು ಹೊರಗೆ ಆಡಲು ಬಿಡಬಹುದು. ಡೇಕೇರ್‌ನವರು ಮಾಡುತ್ತಿರುವುದು ಕ್ರೌರ್ಯವಲ್ಲ, ಆ ಊರಿನಲ್ಲಿ ಮಕ್ಕಳು ಬೆಳೆಯುವುದೇ ಹಾಗೆ. ಕೆನಡಾದ ಮಕ್ಕಳ ವೈದ್ಯರ ಸಂಘ ತಂದೆತಾಯಿಗಳಿಗೆ ಹೇಳುವ ಮಿತಿ ಮೈನಸ್ 25. ಗಾಳಿಯನ್ನೂ ಲೆಕ್ಕಕ್ಕೆ ಹಿಡಿದರೆ ಮೈನಸ್ 28. ಅದಕ್ಕಿಂತ ಕೆಳಗಿಳಿದ ದಿನ ಮಕ್ಕಳು ಒಳಗಿರಲಿ.

ನಿಮ್ಮ ಫೋನಿನ ಹವಾಮಾನ ಪುಟದಲ್ಲಿ ಎರಡು ಅಂಕಿ ಕಾಣುತ್ತವೆ. ಒಂದು ಥರ್ಮಾಮೀಟರ್ ತೋರಿಸುವ ಚಳಿ, ಇನ್ನೊಂದು ಗಾಳಿಯೂ ಸೇರಿ ಮೈಗೆ ತಟ್ಟುವ ಚಳಿ. ಅಲ್ಲಿಯವರು ವಿಂಡ್ ಚಿಲ್ ಎನ್ನುತ್ತಾರಲ್ಲ, ಅದು. ಗಾಳಿಯಿರುವ ದಿನ ಎರಡನೆಯದನ್ನು ನೋಡಿಯೇ ತೀರ್ಮಾನ ಮಾಡಿ. ಅದು ಮೈನಸ್ 28ರ ಕೆಳಗಿಳಿದರೆ ಮುಚ್ಚದ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು, ಮೈನಸ್ 40 ತಲುಪಿದರೆ 5ರಿಂದ 10 ನಿಮಿಷ ಸಾಕು ಎಂದು ಅಲ್ಲಿನ ಹವಾಮಾನ ಇಲಾಖೆ ಎಚ್ಚರಿಸುತ್ತದೆ. ಎಡ್ಮಂಟನ್‌ನಲ್ಲಿ ಅಂಥ ದಿನಗಳು ಬಂದೇ ಬರುತ್ತವೆ. ಆದರೆ ಚಳಿಗಾಲವೆಲ್ಲ ಅವೇ ಅಲ್ಲ. ಜನವರಿಯ ಸರಾಸರಿ ಮೈನಸ್ 10ರ ಆಸುಪಾಸಿನಲ್ಲಿರುತ್ತದೆ. ಅಂದರೆ ಆಡಬಹುದಾದ ದಿನಗಳೇ ಹೆಚ್ಚು, ಮತ್ತು ಆ ದಿನಗಳನ್ನೇ ನೀವು ಈಗ ಕಳೆದುಕೊಳ್ಳುತ್ತಿದ್ದೀರಿ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರ ಭಯವನ್ನು ಅಜ್ಞಾನ ಎಂದು ತಳ್ಳಿಹಾಕಬೇಡಿ. ಅವರು ಮಕ್ಕಳನ್ನು ಸಾಕಿದ ಮನೆಯಲ್ಲಿ ಹೀಟರ್ ಇರಲಿಲ್ಲ. ಧನುರ್ಮಾಸದ ಬೆಳಗಿನ ಚಳಿಗೆ ಇದ್ದದ್ದು ಕುಲಾವಿ, ಕಂಬಳಿ, ಸಾಂಬ್ರಾಣಿ ಹೊಗೆ ಅಷ್ಟೇ. ಕೂಸಿಗೆ ಎದೆ ಕಟ್ಟಿದರೆ ಆಸ್ಪತ್ರೆ ದೂರ, ದುಡ್ಡೂ ಕಮ್ಮಿ. ಆ ಕಾಲದಲ್ಲಿ ಮಗುವನ್ನು ಗಾಳಿಗೆ ಬಿಡದೆ ಕಾಪಾಡಿದ್ದು ಅವರ ಜಾಣತನ. ಅದೇ ಜಾಣತನ ಈಗ ನಿಮ್ಮ ಮನೆಯಲ್ಲಿ ಮಾತಾಡುತ್ತಿದೆ. ಬದಲಾಗಿರುವುದು ಊರು, ಮನೆ, ಬಟ್ಟೆ.

ನೆಗಡಿ ಬರುವುದು ವೈರಸ್‌ನಿಂದ. ಚಳಿಗಾಲದಲ್ಲಿ ಅದು ಹೆಚ್ಚುವುದಕ್ಕೆ ಮುಖ್ಯ ಕಾರಣ ಎಲ್ಲರೂ ಕಿಟಕಿ ಬಾಗಿಲು ಮುಚ್ಚಿಕೊಂಡು ಒಂದೇ ಕೋಣೆಯ ಗಾಳಿಯನ್ನು ಹಂಚಿಕೊಳ್ಳುವುದು. ತಣ್ಣಗಿನ ಒಣಗಾಳಿ ಮೂಗಿನ ಒಳಪದರವನ್ನು ಒಣಗಿಸಿ ವೈರಸ್‌ಗೆ ಒಂದಿಷ್ಟು ದಾರಿ ಮಾಡಿಕೊಡುತ್ತದೆ ಎಂಬುದೂ ನಿಜ. ಅತ್ತೆಯವರ ಅನುಭವ ಪೂರಾ ಸುಳ್ಳಲ್ಲ. ಆದರೆ ಬಯಲಿನಲ್ಲಿ ಓಡುವ ಮಗುವಿಗಿಂತ ಆಟಿಕೆ ಹಂಚಿಕೊಂಡು ಒಳಗೆ ಕೂತ ಮಗುವಿಗೇ ಸೋಂಕು ತಗಲುವ ಸಂದರ್ಭ ಹೆಚ್ಚು. ಎರಡು ವರ್ಷದೊಳಗಿನ ಆರೋಗ್ಯವಂತ ಮಕ್ಕಳಿಗೂ ವರ್ಷಕ್ಕೆ 8ರಿಂದ 10 ಸಲ ನೆಗಡಿಯಾಗುವುದು ಸಾಮಾನ್ಯ ಎಂದು ಅದೇ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಮೊದಲ ವರ್ಷ ಡೇಕೇರ್ ಸೇರಿದ ಮಗು ತಿಂಗಳಿಗೊಂದು ನೆಗಡಿ ಮನೆಗೆ ತಂದರೆ ಗಾಬರಿ ಬೇಡ. ಹೊರಗೆ ನಿಂತಾಗ ಮೂಗು ಸೋರುವುದಂತೂ ಕಾಯಿಲೆಯೇ ಅಲ್ಲ. ಒಳಗೆ ಹೋಗುವ ತಣ್ಣನೆ ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಕಳಿಸುವುದು ಮೂಗಿನ ಕೆಲಸ. ಆ ತೇವವೇ ಹೊರಗೆ ಇಳಿಯುತ್ತದೆ.

ಇದನ್ನೆಲ್ಲ ಅತ್ತೆಯವರಿಗೆ ಪಾಠದಂತೆ ಒಪ್ಪಿಸಲು ಹೋಗಬೇಡಿ, ಮಾತಿಗೆ ಮಾತು ಬೆಳೆಯುತ್ತದೆ. ಅವರಿಗೊಂದು ಜವಾಬ್ದಾರಿ ಕೊಡಿ. ಮಕ್ಕಳು ಹೊರಗಿಂದ ಬಂದ ತಕ್ಷಣ ಜಾಕೆಟ್ ತೆಗೆಯುವ ಮೊದಲು ಕತ್ತಿನ ಹಿಂದೆ, ಬೆನ್ನಿನ ಮೇಲೆ ಕೈಯಿಟ್ಟು ನೋಡುವುದು ಅಜ್ಜಿಯ ಕೆಲಸವಾಗಲಿ. ಬೆಚ್ಚಗೆ, ಒಣಗಿದ್ದರೆ ಬಟ್ಟೆ ಸರಿಯಾಗಿದೆ ಎಂದರ್ಥ. ಬೆವರಿನಿಂದ ಒದ್ದೆಯಾಗಿದ್ದರೆ ನಾಳೆ ಒಂದು ಪದರ ಕಡಿಮೆ, ತಣ್ಣಗಿದ್ದರೆ ಒಂದು ಪದರ ಹೆಚ್ಚು ಅಥವಾ ಆಟ ಐದು ನಿಮಿಷ ಕಮ್ಮಿ. ಮೊಮ್ಮಗನ ಬೆನ್ನು ದಿನಾ ಬೆಚ್ಚಗೆ ಕೈಗೆ ಸಿಗುತ್ತಿದ್ದರೆ ನಿಮ್ಮ ವಾದ ಅವರಿಗೆ ಬೇಕಾಗುವುದಿಲ್ಲ. ಒಳಗೆ ಬರುವ ಹೊತ್ತಿಗೆ ರಾಗಿ ಗಂಜಿಯೋ ಮೆಣಸಿನ ಸಾರೋ ಒಲೆಯ ಮೇಲಿರಲಿ, ಅದೂ ಅವರ ಕೈಯದೇ. ಅವರನ್ನು ಮಾತ್ರ ಹುರುಪಿನಲ್ಲಿ ಹೊರಗೆ ಎಳೆದುಕೊಂಡು ಹೋಗಬೇಡಿ. ಕಾಲುದಾರಿಯ ಮೇಲಿನ ಗಾಜಿನಂಥ ಮಂಜುಗಡ್ಡೆಯಲ್ಲಿ ವಯಸ್ಸಾದವರು ಜಾರಿ ಸೊಂಟ ಮುರಿದುಕೊಂಡರೆ ಅದರ ನೋವೂ ಖರ್ಚೂ ದೊಡ್ಡದು. ಬೂಟಿನ ಅಡಿಗೆ ಕಟ್ಟುವ ಮುಳ್ಳಿನ ಪಟ್ಟಿ ಸಿಗುತ್ತದೆ. ಅವರಾಗಿಯೇ ಬರುತ್ತೇನೆ ಎಂದ ದಿನ ಅದನ್ನು ಹಾಕಿಸಿ, ಕೈ ಹಿಡಿದು ಕರೆದುಕೊಂಡು ಹೋಗಿ.

ಈಗ ಹುಡುಗನ ವಿಷಯ. ಅವನು ಹಟಮಾರಿಯಾಗಿಲ್ಲ. ನಾಲ್ಕು ವರ್ಷದ ಮೈಗೆ ಬೇಕಾದ ಓಟ ಸಿಗುತ್ತಿಲ್ಲ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಉಸಿರು ಏರುವಂಥ ಆಟವಿರಬೇಕು. ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು. ಸೋಫಾದಿಂದ ಧುಮುಕುವುದು, ತಂಗಿಯನ್ನು ತಳ್ಳುವುದು, ಹತ್ತೂವರೆಯಾದರೂ ಕಣ್ಣು ಮುಚ್ಚದಿರುವುದು, ಇವು ಮೂರೂ ಒಂದೇ ಕೊರತೆಯ ಲಕ್ಷಣಗಳು. ಡೇಕೇರ್‌ನವರು ಕೊಡುವ ಮುಕ್ಕಾಲು ಗಂಟೆ ಅವನಿಗೆ ಈಗ ಸಿಗುತ್ತಿರುವ ದೊಡ್ಡ ಉಪಕಾರ. ಬಿಡಿಸಬೇಡಿ.

ಇಡೀ ಉತ್ತರದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ ಮಾತು ಒಂದಿದ್ದರೆ ಅದು ಇದು: ಡೇಕೇರ್‌ನಿಂದ ಕರೆದುಕೊಂಡು ಬಂದವರೇ ಮನೆಯೊಳಗೆ ಹೋಗಬೇಡಿ. ಆ ಹೊತ್ತಿನಲ್ಲಿ ಹುಡುಗ ಸ್ನೋ ಪ್ಯಾಂಟು, ಬೂಟು, ಟೋಪಿ ಎಲ್ಲ ಹಾಕಿಕೊಂಡೇ ಇರುತ್ತಾನೆ. ದಿನದ ಅತಿ ಕಷ್ಟದ ಕೆಲಸವಾದ ಬಟ್ಟೆ ತೊಡಿಸುವುದನ್ನು ಬೇರೆ ಯಾರೋ ಆಗಲೇ ಮುಗಿಸಿ ಕೊಟ್ಟಿದ್ದಾರೆ. ಒಮ್ಮೆ ಬಾಗಿಲು ತೆಗೆದು ಬೂಟು ಕಳಚಿದಿರೋ, ಆ ದಿನದ ಆಟ ಮುಗಿಯಿತು. ಮತ್ತೆ ಅವನನ್ನು ಹೊರಡಿಸಲು ನಿಮಗೂ ಶಕ್ತಿ ಇರುವುದಿಲ್ಲ. ಆದ್ದರಿಂದ ಡೇಕೇರ್‌ನ ಬೇಲಿಯ ಆಚೆಯೋ ಅಪಾರ್ಟ್‌ಮೆಂಟಿನ ಮುಂದಿನ ಹಿಮದ ರಾಶಿಯ ಪಕ್ಕವೋ 20 ನಿಮಿಷ ಕಳೆಯಿರಿ. ದಿನಾ, ಅದೇ ಹೊತ್ತಿಗೆ. ಭಾನುವಾರ ಎರಡು ಗಂಟೆ ಪಾರ್ಕಿಗೆ ಹೋಗುವುದಕ್ಕಿಂತ ದಿನದ ಈ 20 ನಿಮಿಷವೇ ನಿಮ್ಮ ಹುಡುಗನಿಗೆ ಬೇಕಾದದ್ದು. ಜೇಬಿನಲ್ಲಿ ಒಂದು ಖರ್ಜೂರವೋ ಶೇಂಗಾ ಚಿಕ್ಕಿಯೋ ಇಟ್ಟುಕೊಂಡಿರಿ. ಆ ಹೊತ್ತಿಗೆ ಮಕ್ಕಳಿಗೆ ಹಸಿವಾಗಿರುತ್ತದೆ, ಹಸಿದ ಮಗುವಿಗೆ ಚಳಿಯೂ ಬೇಗ ಹತ್ತುತ್ತದೆ. ಚಿಕ್ಕಿ ಮಾತ್ರ ನಿಂತು ತಿನ್ನಲಿ, ಓಡುತ್ತಾ ಬೇಡ. ಚಿಕ್ಕವಳಿಗೆ ಇಡೀ ಶೇಂಗಾ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಕತ್ತಲಾಗಿರುತ್ತದಲ್ಲ ಎನ್ನುತ್ತೀರಿ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಒಂಬತ್ತರ ಹತ್ತಿರ, ಮುಳುಗುವುದು ನಾಲ್ಕೂಕಾಲಿಗೆ. ಕತ್ತಲನ್ನು ತಪ್ಪಿಸಲು ಹೋದರೆ ಹೊರಗೆ ಹೋಗುವ ಹೊತ್ತೇ ಉಳಿಯುವುದಿಲ್ಲ. ಹಿಮ ಬಿದ್ದ ನೆಲ ಬೀದಿದೀಪದ ಬೆಳಕಿಗೆ ಚೆನ್ನಾಗಿ ಕಾಣುತ್ತದೆ. ಮಕ್ಕಳ ಕೈಗೊಂದು ಟಾರ್ಚ್ ಕೊಡಿ, ಜಾಕೆಟ್ಟಿಗೆ ಹೊಳೆಯುವ ಪಟ್ಟಿ ಅಂಟಿಸಿ, ರಸ್ತೆಯಿಂದ ದೂರ ಇರಿ. ಶನಿವಾರ ಭಾನುವಾರ ಮಾತ್ರ ಹಗಲು ಹೊತ್ತಿನಲ್ಲೇ ಹೋಗಿ. ಹಗಲು ಬೆಳಕಿಗೆ ಬೇರೆಯದೇ ಬೆಲೆಯಿದೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯಲ್ಲಿ ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟು ಮೂರು ವರ್ಷ ಗಮನಿಸಿದರು. ಅವರಲ್ಲಿ ಸಮೀಪದೃಷ್ಟಿ ಬಂದದ್ದು ಸುಮಾರು ಶೇಕಡಾ 30 ಮಕ್ಕಳಿಗೆ, ಹಾಗೆ ಬಿಡದ ಮಕ್ಕಳಲ್ಲಿ ಸುಮಾರು ಶೇಕಡಾ 40 ಮಂದಿಗೆ. 2015ರಲ್ಲಿ ಪ್ರಕಟವಾದ ಅಧ್ಯಯನವಿದು. ಟ್ಯಾಬ್ ಹಿಡಿದು ಕೂರುವ ಮಗುವಿನ ತಾಯಿಗೆ ಇದು ಗೊತ್ತಿರಬೇಕು.

ಆದರೆ ಹಗಲು ಹೊರಗೆ ಹೋದರೆ ವಿಟಮಿನ್ ಡಿ ಸಿಗುತ್ತದೆ ಎಂದು ಮಾತ್ರ ನಂಬಬೇಡಿ. ಎಡ್ಮಂಟನ್ ಇರುವಷ್ಟು ಉತ್ತರದಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಬಿಸಿಲಿಗೆ ಚರ್ಮದಲ್ಲಿ ಅದನ್ನು ಹುಟ್ಟಿಸುವ ಶಕ್ತಿಯೇ ಇರುವುದಿಲ್ಲ. ನಮ್ಮ ಮೈಬಣ್ಣದವರಿಗೆ ಬೇಸಿಗೆಯಲ್ಲೂ ಹೆಚ್ಚು ಹೊತ್ತಿನ ಬಿಸಿಲು ಬೇಕು. ಅಲ್ಲಿ ಮಾರುವ ಹಸುವಿನ ಹಾಲಿಗೆ ವಿಟಮಿನ್ ಡಿ ಸೇರಿಸುವುದು ಕಾನೂನು, ಮಕ್ಕಳು ಹಾಲು ಕುಡಿಯುತ್ತಿದ್ದರೆ ಒಳ್ಳೆಯದು. ಹನಿಯ ರೂಪದಲ್ಲೂ ಕೊಡಬೇಕೇ, ಎಷ್ಟು ಕೊಡಬೇಕು ಎಂಬುದನ್ನು ಇಬ್ಬರು ಮಕ್ಕಳಿಗೂ, ನಿಮಗೂ ಸೇರಿಸಿ ವೈದ್ಯರನ್ನು ಕೇಳಿ.

ಬಟ್ಟೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ದಪ್ಪ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಮಗುವನ್ನು ಅಲುಗಾಡದಂತೆ ಮಾಡುವುದು ನಮ್ಮವರ ರೂಢಿ. ಅದರ ಬದಲು ಮೂರು ಪದರ ಸಾಕು. ಮೈಗಂಟುವ ಪದರ ಹತ್ತಿಯದಾಗಬಾರದು. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಓಟ ನಿಲ್ಲಿಸಿದ ಕೂಡಲೇ ಆ ಒದ್ದೆಯಿಂದಲೇ ನಡುಕ ಬರುತ್ತದೆ. ತೆಳು ಉಣ್ಣೆಯದೋ ಪಾಲಿಯೆಸ್ಟರಿನದೋ ಥರ್ಮಲ್ ಹಾಕಿ. ಅದರ ಮೇಲೆ ಫ್ಲೀಸ್ ಅಥವಾ ಅಜ್ಜಿ ಹೆಣೆದ ಸ್ವೆಟರ್. ಹೊರಗೆ ಗಾಳಿ ನೀರು ಒಳಬಿಡದ ಜಾಕೆಟ್ಟು, ಸ್ನೋ ಪ್ಯಾಂಟು. ಬೂಟಿನಲ್ಲಿ ಬೆರಳು ಆಡಿಸಲು ಜಾಗವಿರಲಿ. ಬೆಚ್ಚಗಿರಲಿ ಎಂದು ಎರಡು ಜೊತೆ ಸಾಕ್ಸ್ ತುರುಕಿದರೆ ಕಾಲು ಬಿಗಿದು ರಕ್ತ ಸರಿಯಾಗಿ ಹರಿಯದೆ ಇನ್ನೂ ತಣ್ಣಗಾಗುತ್ತದೆ. ಬೆರಳು ಬೇರೆಬೇರೆ ಇರುವ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗೆ. ಮಿಟನ್ ಒದ್ದೆಯಾಗಿಯೇ ಆಗುತ್ತದೆ, ಇನ್ನೊಂದು ಜೊತೆ ಡೇಕೇರ್ ಚೀಲದಲ್ಲಿರಲಿ. ಉದ್ದನೆಯ ಸ್ಕಾರ್ಫ್, ಟೋಪಿಯ ದಾರ ಎರಡೂ ಬೇಡ, ಜಾರುಬಂಡೆಗೆ ಸಿಕ್ಕಿ ಕೊರಳು ಬಿಗಿದ ದುರಂತಗಳು ಆಗಿವೆ. ತಲೆಯಿಂದ ತೂರಿಸುವ ನೆಕ್ ವಾರ್ಮರ್ ಸಾಕು. ಮುಖಕ್ಕೆ ಕೊಬ್ಬರಿ ಎಣ್ಣೆ ಸವರಿದರೆ ಚರ್ಮ ಒಡೆಯುವುದು ತಪ್ಪಬಹುದು, ಆದರೆ ಹೆಪ್ಪುಗಟ್ಟುವುದನ್ನು ಅದು ತಡೆಯುವುದಿಲ್ಲ. ಎಣ್ಣೆ ಹಚ್ಚಿದೆವಲ್ಲ ಎಂದು ಕೆನ್ನೆ ತೆರೆದಿಡಬೇಡಿ.

ಎಲ್ಲವನ್ನೂ ಹೊಸದಾಗಿ ಕೊಳ್ಳಲು ಹೋಗಬೇಡಿ. ಮಕ್ಕಳ ಚಳಿಗಾಲದ ಬಟ್ಟೆ ಒಂದೇ ವರ್ಷಕ್ಕೆ ಗಿಡ್ಡವಾಗುತ್ತದೆ, ಆದ್ದರಿಂದ ಹಳೆ ಬಟ್ಟೆ ಮಾರುವ ಅಂಗಡಿಗಳಲ್ಲಿ ಹೆಚ್ಚುಕಡಿಮೆ ಹೊಸದರಂಥವೇ ಸಿಗುತ್ತವೆ. ಜಾಕೆಟ್ಟು ಬೂಟಿಗೆ ಅಲ್ಲಿ ಹುಡುಕಿ, ಮಿಟನ್ನಿಗೆ ಮಾತ್ರ ಹೊಸ ದುಡ್ಡು ಹಾಕಿ.

ತೊಡಿಸುವ ಜಗಳಕ್ಕೆ ಒಂದು ಉಪಾಯ. ಅಲ್ಲಿನ ಡೇಕೇರ್ ಟೀಚರ್‌ಗಳೆಲ್ಲ ಬಲ್ಲ ವಿದ್ಯೆ ಇದು. ಹೊರಡುವ ಮುಂಚೆ ಬಚ್ಚಲಿಗೆ ಕಳಿಸಿ. ಆಮೇಲೆ ಎಲ್ಲವನ್ನೂ ತೊಡುವ ಕ್ರಮದಲ್ಲೇ ನೆಲದ ಮೇಲೆ ಸಾಲಾಗಿ ಇಡಿ: ಸ್ನೋ ಪ್ಯಾಂಟು, ಬೂಟು, ಜಾಕೆಟ್ಟು, ನೆಕ್ ವಾರ್ಮರ್, ಟೋಪಿ, ಕೊನೆಗೆ ಮಿಟನ್. ಜಾಕೆಟ್ಟನ್ನು ಜಿಪ್ ಬಿಚ್ಚಿ, ಒಳಭಾಗ ಮೇಲೆ ಬರುವಂತೆ, ಅದರ ಕಾಲರ್ ಹುಡುಗನ ಕಾಲ ಬೆರಳಿನ ಕಡೆಗೆ ಇರುವಂತೆ ಹಾಸಿ. ಅವನು ಬಗ್ಗಿ ಎರಡೂ ಕೈಯನ್ನು ತೋಳಿನೊಳಗೆ ತೂರಿಸಿ ಜಾಕೆಟ್ಟನ್ನು ತಲೆಯ ಮೇಲಿಂದ ಹಿಂದಕ್ಕೆ ಎತ್ತಿ ಹಾಕಲಿ. ಒಂದೇ ಏಟಿಗೆ ಮೈಗೆ ಕೂತುಬಿಡುತ್ತದೆ. ನಾಲ್ಕು ವರ್ಷದವನಿಗೆ ಇದೇ ಒಂದು ಆಟ. ಚಿಕ್ಕವಳನ್ನು ಕೊನೆಗೆ ತೊಡಿಸಿ, ಇಲ್ಲದಿದ್ದರೆ ಅವಳು ಒಳಗೇ ಬೆವರಿ ಅಳಲು ಶುರು ಮಾಡುತ್ತಾಳೆ.

ಕಾರಿನಲ್ಲಿ ಹೋಗುವಾಗ ಇನ್ನೊಂದು ಎಚ್ಚರ ಬೇಕು. ಉಬ್ಬಿದ ಜಾಕೆಟ್ಟಿನ ಮೇಲೆ ಕಾರ್ ಸೀಟಿನ ಬೆಲ್ಟ್ ಕಟ್ಟಬೇಡಿ. ಬಿಗಿಯಾಗಿದೆ ಎನಿಸಿದರೂ ಡಿಕ್ಕಿಯಾದಾಗ ಜಾಕೆಟ್ಟಿನೊಳಗಿನ ಗಾಳಿ ಹೊರಬಿದ್ದು ಬೆಲ್ಟ್ ಸಡಿಲವಾಗುತ್ತದೆ, ಮಗು ಜಾರಿಹೋಗಬಹುದು. ಫ್ಲೀಸ್ ಮೇಲೆ ಬೆಲ್ಟ್ ಬಿಗಿದು, ಜಾಕೆಟ್ಟನ್ನು ತಿರುಗಿಸಿ ಮುಂದಿನಿಂದ ಹೊದೆಸಿ.

ಹೊರಗೆ ಏನು ಆಡುವುದು? ಹಿಮದ ಆಟಗಳು ನಿಮಗೆ ಗೊತ್ತಿಲ್ಲ ಎಂಬ ಅಳುಕು ಬೇಡ, ನಿಮಗೆ ಬರುವ ಆಟಗಳೇ ಸಾಕು. ಬೂಟಿನ ಹಿಮ್ಮಡಿಯಿಂದ ಹಿಮದಲ್ಲಿ ಉದ್ದಕ್ಕೆ ಗೆರೆ ಎಳೆದರೆ ಕೆರೆ-ದಡ ಶುರು. ಸ್ನೋ ಪ್ಯಾಂಟಿನಲ್ಲಿ ಎರಡೂ ಕಾಲು ಜೋಡಿಸಿ ಆ ಕಡೆ ಈ ಕಡೆ ಜಿಗಿದರೆ ಐದೇ ನಿಮಿಷದಲ್ಲಿ ನಿಮಗೂ ಬೆವರು ಬರುತ್ತದೆ. ಕುಂಟೆಬಿಲ್ಲೆಗೆ ಮನೆ ಕೊರೆಯಿರಿ. ಖಾಲಿ ಸಾಸ್ ಬಾಟಲಿಗೆ ಬಣ್ಣದ ನೀರು ತುಂಬಿ ಕೊಟ್ಟರೆ ಹುಡುಗ ಹಿಮದ ಮೇಲೆ ರಂಗೋಲಿ ಬಿಡುತ್ತಾನೆ. ಹಿಮದ ಉಂಡೆ ಕಟ್ಟಲು ಬರುತ್ತಿಲ್ಲ ಎಂದು ಅವನು ಅತ್ತರೆ ಅದು ಅವನ ತಪ್ಪಲ್ಲ. ಮೈನಸ್ 15ರಲ್ಲಿ ಹಿಮ ರವೆಯಂತೆ ಉದುರುದುರು, ಸೊನ್ನೆಯ ಹತ್ತಿರ ಬಂದಾಗಲೇ ಅದು ಅಂಟಿಕೊಳ್ಳುವುದು. ಅಂಥ ಚಳಿಯಲ್ಲಿ ಲಗೋರಿ ಆಡಿಸಿ. ಹಿಂದಿನ ರಾತ್ರಿ ಏಳೆಂಟು ಸಣ್ಣ ಬಟ್ಟಲುಗಳಲ್ಲಿ ಬೀಟ್‌ರೂಟ್ ಬೆರೆಸಿದ ನೀರು ಹಾಕಿ ಬಾಲ್ಕನಿಯಲ್ಲಿಡಲು ಅಜ್ಜಿಗೆ ಹೇಳಿ, ಬೆಳಿಗ್ಗೆ ಕೆಂಪು ಬಿಲ್ಲೆಗಳು ಸಿದ್ಧವಾಗಿರುತ್ತವೆ.

ಒಂದೇ ಮಗುವನ್ನು ಆಡಿಸುವುದು ಕಷ್ಟ, ಇನ್ನೊಂದು ಮಗು ಸೇರಿದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಎಡ್ಮಂಟನ್‌ನಲ್ಲಿ ಬಡಾವಣೆಗೊಂದರಂತೆ ಕಮ್ಯುನಿಟಿ ಲೀಗ್ ಎಂಬ ನಿವಾಸಿಗಳ ಸಂಘಗಳಿವೆ, ಹಲವು ಸಂಘಗಳು ಚಳಿಗಾಲದಲ್ಲಿ ಬಯಲು ಸ್ಕೇಟಿಂಗ್ ಅಂಕಣ ನಡೆಸುತ್ತವೆ. ನಿಮ್ಮ ಬಡಾವಣೆಯದಕ್ಕೆ ಸದಸ್ಯರಾಗಿ. ಸ್ಕೇಟಿಂಗ್ ಬರದಿದ್ದರೂ ಪರವಾಗಿಲ್ಲ, ಅಲ್ಲಿ ನಿಮ್ಮಂಥ ತಾಯಂದಿರು ಸಿಗುತ್ತಾರೆ. ಚಳಿಯನ್ನು ಶಪಿಸುತ್ತಾ ಕೂರುವ ಬದಲು ಅದರೊಂದಿಗೆ ಬಾಳಬೇಕು ಎಂದು ಆ ನಗರಾಡಳಿತವೇ 2012ರಲ್ಲಿ ಒಂದು ಕಾರ್ಯನೀತಿ ರೂಪಿಸಿತು. ತಲೆಮಾರುಗಳಿಂದ ಅಲ್ಲೇ ಇರುವವರಿಗೂ ಇದು ಪ್ರಯತ್ನಪಟ್ಟು ಕಲಿಯುವ ವಿಷಯ ಎಂದಾಯಿತಲ್ಲವೇ? ಮೊದಲ ಚಳಿಗಾಲದಲ್ಲೇ ನಿಮಗೆ ಒಗ್ಗಲಿಲ್ಲವೆಂದರೆ ಅದು ನಿಮ್ಮ ಕೊರತೆಯಲ್ಲ.

ದಿಬ್ಬದ ಮೇಲಿಂದ ಜಾರುವಾಗ ತಲೆಗೆ ಹೆಲ್ಮೆಟ್ ಇರಲಿ, ಕಾಲು ಮುಂದೆ ಮಾಡಿ ಕೂತೇ ಜಾರಬೇಕು, ಜೊತೆಗೆ ದೊಡ್ಡವರಿರಬೇಕು. ರಸ್ತೆ ಬದಿಯ ಹಿಮದ ಗುಡ್ಡೆಯಲ್ಲಿ ಗುಹೆ ಕೊರೆಯಲು ಎಂದೂ ಬಿಡಬೇಡಿ. ಹಿಮ ತಳ್ಳುವ ಲಾರಿಯ ಚಾಲಕನಿಗೆ ಒಳಗಿರುವ ಮಗು ಕಾಣುವುದಿಲ್ಲ. ಹೆಪ್ಪುಗಟ್ಟಿದ ಕೆರೆ, ನದಿಯ ಮೇಲೆ ನೀವಾಗಿ ಇಳಿಯಲೇಬೇಡಿ. ಕಬ್ಬಿಣದ ಕಂಬವನ್ನು ನೆಕ್ಕಿ ನೋಡುವ ಮಕ್ಕಳಿರುತ್ತಾರೆ. ನಾಲಿಗೆ ಅಂಟಿಕೊಂಡರೆ ಎಳೆಯದೆ ಉಗುರುಬೆಚ್ಚಗಿನ ನೀರು ಹನಿಸಿ.

ಮಕ್ಕಳು ಆಟದ ಮಗ್ನತೆಯಲ್ಲಿ ಚಳಿಯನ್ನು ಹೇಳುವುದಿಲ್ಲ. ಅವರ ಪುಟ್ಟ ಮೈ ದೊಡ್ಡವರಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ಹಾಗಾಗಿ ಆಗಾಗ ಮಿಟನ್ ತೆಗೆದು ಬೆರಳು ಮುಟ್ಟಿ ನೋಡಿ. ಕೆನ್ನೆ, ಮೂಗಿನ ತುದಿ, ಕಿವಿ, ಬೆರಳು ಬಿಳಿಚಿಕೊಂಡು ಜೋಮು ಹಿಡಿದರೆ ಒಳಗೆ ಬರಬೇಕು. ನಮ್ಮ ಮೈಬಣ್ಣದಲ್ಲಿ ಆ ಬಿಳಿಚು ಸ್ಪಷ್ಟವಾಗಿ ಕಾಣದೆ ಬೂದಿ ಬಣ್ಣವಾಗಿ ತೋರಬಹುದು. ಆದ್ದರಿಂದ ಕಣ್ಣಿಗಿಂತ ಕೈಯನ್ನು ನಂಬಿ, ‘ಮುಟ್ಟಿದ್ದು ಗೊತ್ತಾಗ್ತಿದೆಯಾ’ ಎಂದು ಕೇಳಿ. ಹಾಗಾದ ಜಾಗವನ್ನು ತಿಕ್ಕಬೇಡಿ, ಹೀಟರ್ ಮುಂದೆ ಹಿಡಿಯಬೇಡಿ. ನಿಮ್ಮ ಅಂಗೈಯ ಬಿಸಿ ಅಥವಾ ಉಗುರುಬೆಚ್ಚಗಿನ ನೀರು ಸಾಕು. ಚರ್ಮ ಗಟ್ಟಿಯಾಗಿಯೇ ಉಳಿದರೆ, ಬೊಬ್ಬೆ ಎದ್ದರೆ ಆಸ್ಪತ್ರೆಗೆ ಹೋಗಿ. ಸಂದೇಹವಿದ್ದಾಗ 811ಕ್ಕೆ ಕರೆ ಮಾಡಿ. ಆಲ್ಬರ್ಟಾ ಪ್ರಾಂತ್ಯದಲ್ಲಿ ಹಗಲೂ ರಾತ್ರಿ ನರ್ಸ್‌ಗಳು ಉತ್ತರಿಸುವ ನಂಬರ್ ಅದು.

ಒಂದೂವರೆ ವರ್ಷದವಳ ಲೆಕ್ಕ ಬೇರೆ. ಅಣ್ಣ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಾನೆ. ಅವಳು ತಳ್ಳುಗಾಡಿಯಲ್ಲೋ ಸ್ಲೆಡ್ಡಿನಲ್ಲೋ ಸುಮ್ಮನೆ ಕೂತಿದ್ದರೆ ಎಳೆಯುವ ನಿಮಗೆ ಸೆಕೆಯಾಗುವ ಹೊತ್ತಿಗೆ ಅವಳು ತಣ್ಣಗಾಗಿರುತ್ತಾಳೆ. ಇಳಿಸಿ ನಡೆಸಿ. ಮೊದಲು ಹತ್ತು ನಿಮಿಷ ಸಾಕು, ಹಿಮದಲ್ಲಿ ಎದ್ದು ಬಿದ್ದು ನಡೆಯುವುದೇ ಆ ವಯಸ್ಸಿಗೆ ದೊಡ್ಡ ಕಸರತ್ತು. ಫಿನ್ಲೆಂಡ್, ನಾರ್ವೆ ಕಡೆ ಹಸುಗೂಸುಗಳನ್ನು ಚಳಿಯಲ್ಲೇ ಗಾಡಿಯಲ್ಲಿ ಹೊರಗೆ ಮಲಗಿಸುವ ರೂಢಿಯಿದೆ. ಅತ್ತೆಯವರಿಗೆ ಅದನ್ನು ಕಥೆಯಾಗಿ ಹೇಳಿ, ನೀವು ಮಾಡಲು ಹೋಗಬೇಡಿ. ಆ ದೇಶದವರಿಗೆ ಅದರ ಹದ ಗೊತ್ತು.

ಮೈನಸ್ 30ರ ದಿನಗಳಲ್ಲಿ ಮಕ್ಕಳು ಒಳಗೇ ಇರಬೇಕಲ್ಲ, ಆಗ ಕೆಳಗಿನ ಮನೆಯವರ ಗತಿ ಏನು? ಒಂದು ಟಬ್ಬಿನಲ್ಲಿ ಹಿಮ ತುಂಬಿ ಬಚ್ಚಲಲ್ಲಿಡಿ, ಪಾತ್ರೆ ಸೌಟು ಕೊಡಿ. ಮೆಟ್ಟಿಲು ಹತ್ತಿ ಇಳಿಸಿ. ನಗರಾಡಳಿತದ ರಿಕ್ರಿಯೇಷನ್ ಕೇಂದ್ರಗಳಲ್ಲಿ ಈಜುಕೊಳ, ಒಳಾಂಗಣ ಆಟದ ಜಾಗಗಳಿವೆ. ಆದಾಯ ಕಡಿಮೆ ಇರುವ ಕುಟುಂಬಗಳಿಗೆ ಲೀಷರ್ ಆಕ್ಸೆಸ್ ಎಂಬ ಯೋಜನೆಯಲ್ಲಿ ರಿಯಾಯಿತಿ ಸಿಗುತ್ತದೆ, ಅರ್ಜಿ ಹಾಕಿ ನೋಡಿ. ನದಿಯ ಬದಿಯಲ್ಲಿ 1976ರಿಂದ ಇರುವ ಮಟಾರ್ಟ್ ಸಸ್ಯಾಗಾರಕ್ಕೆ ಒಂದು ದಿನ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಗಾಜಿನ ನಾಲ್ಕು ಪಿರಮಿಡ್‌ಗಳಲ್ಲಿ ಒಂದರ ಒಳಗೆ ಉಷ್ಣವಲಯದ ಗಿಡಮರಗಳಿವೆ. ಹಸಿರಿಲ್ಲದೆ ತಿಂಗಳುಗಟ್ಟಲೆ ಕಳೆದ ಕಣ್ಣಿಗೆ ಅದು ಬೇಕು.

ಟ್ಯಾಬ್ ಬಗ್ಗೆ ಇಷ್ಟೇ ಹೇಳುತ್ತೇನೆ. ‘ಹೊರಗೆ ಬಂದರೆ ಟ್ಯಾಬ್ ಕೊಡ್ತೀನಿ’ ಎಂದು ಮಾತ್ರ ಚೌಕಾಸಿ ಮಾಡಬೇಡಿ. ಆಗ ಹೊರಗಿನ ಆಟ ತೀರಿಸಬೇಕಾದ ಸಾಲವಾಗಿಬಿಡುತ್ತದೆ. ಹೊರಗಿನ ಆಟ, ಗಂಜಿ, ಸ್ನಾನ, ಆಮೇಲೆ ಟ್ಯಾಬಿಗೆ ಅರ್ಧ ಗಂಟೆ ಎಂಬ ಕ್ರಮ ದಿನಾ ಒಂದೇ ರೀತಿ ಇದ್ದರೆ ಕೇಳುವುದು, ಅಳುವುದು ತಾನಾಗಿ ಕಡಿಮೆಯಾಗುತ್ತದೆ. ಒಂದೆರಡು ವಾರ ತಾಳ್ಮೆ ಬೇಕು.

ಇಷ್ಟು ಹೊತ್ತು ಮಕ್ಕಳ ಬಗ್ಗೆ ಹೇಳಿದೆ. ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ನಿಮ್ಮ ಒಂದು ಸಾಲು, ನಾನೂ ಹೊರಗೆ ಹೋಗುವುದಿಲ್ಲ ಎಂದದ್ದು. ತಾಯಿ ಕಿಟಕಿಯ ಬಳಿ ನಿಂತು ಚಳಿಯನ್ನು ಶತ್ರುವಿನಂತೆ ನೋಡುತ್ತಿದ್ದರೆ ಮಗು ಬಾಗಿಲು ದಾಟುವುದಿಲ್ಲ. ನಿಮಗೊಂದು ಒಳ್ಳೆಯ ಜಾಕೆಟ್ಟು, ಒಳ್ಳೆಯ ಬೂಟು ಇದೆಯೇ? ಮಕ್ಕಳಿಗೆಲ್ಲ ಕೊಂಡು ತಾವು ಬೆಂಗಳೂರಿನಿಂದ ತಂದ ಸ್ವೆಟರಿನಲ್ಲೇ ಕಾಲ ತಳ್ಳುವ ತಾಯಂದಿರನ್ನು ನಾನು ಬಲ್ಲೆ. ಮೊದಲು ನಿಮಗೆ ಕೊಳ್ಳಿ. ಯಜಮಾನರ ಶಿಫ್ಟ್ ಇಲ್ಲದ ದಿನ ಮಕ್ಕಳನ್ನು ಅವರೇ ಹೊರಗೆ ಕರೆದುಕೊಂಡು ಹೋಗಲಿ. ‘ಇಲ್ಲಿಯವರ ಮಕ್ಕಳು ಆಡೋದಿಲ್ವಾ’ ಎಂದವರಿಗೆ ಸ್ನೋ ಪ್ಯಾಂಟು ತೊಡಿಸುವುದೂ ಗೊತ್ತಿರಬೇಕು. ಆ ಹೊತ್ತು ನೀವು ಮಲಗಿ, ಇಲ್ಲವೇ ಒಬ್ಬರೇ ಹಗಲು ಬೆಳಕಿನಲ್ಲಿ ನಡೆದು ಬನ್ನಿ. ಎದೆ ಭಾರ ಎರಡು ವಾರಕ್ಕೂ ಮೀರಿ ದಿನವಿಡೀ ಹಾಗೇ ಇದ್ದರೆ, ನಿದ್ದೆ ಊಟ ಕೆಟ್ಟರೆ, ಅಳು ನಿಲ್ಲದಿದ್ದರೆ ವೈದ್ಯರಿಗೆ ಹೇಳಲು ಸಂಕೋಚಪಡಬೇಡಿ. ಹಗಲು ಕುಗ್ಗುವ ಉತ್ತರದ ಊರುಗಳಲ್ಲಿ ಚಳಿಗಾಲದ ಖಿನ್ನತೆ ಅಲ್ಲಿನ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ, ಅದಕ್ಕೆ ಚಿಕಿತ್ಸೆ ಇದೆ.

ಊರಿಗೆ ಮರಳುವ ತೀರ್ಮಾನವನ್ನು ಈ ತಿಂಗಳು ಮಾಡಬೇಡಿ. ಜೂನ್‌ನಲ್ಲಿ ಅದೇ ಊರಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಆಗ ಗಂಡ ಹೆಂಡತಿ ಕೂತು ಸಂಬಳ, ಶಾಲೆ, ತಂದೆತಾಯಿಯರ ವಯಸ್ಸು ಎಲ್ಲವನ್ನೂ ಎದುರಿಗಿಟ್ಟುಕೊಂಡು ಮಾತಾಡಿ. ಮರಳಲು ಒಳ್ಳೆಯ ಕಾರಣಗಳು ಇರಬಹುದು. ಡೇಕೇರ್‌ನ ಮುಕ್ಕಾಲು ಗಂಟೆ ಅವುಗಳಲ್ಲಿ ಒಂದಲ್ಲ.

ಒಂದನ್ನು ಮಾತ್ರ ಮುಂದೂಡಬೇಡಿ, ಹುಡುಗನ ಕೆಮ್ಮು. ನೆಗಡಿಗೂ ಇದಕ್ಕೂ ವ್ಯತ್ಯಾಸವಿರಬಹುದು. ಓಡಿದ ದಿನ ರಾತ್ರಿ ಕೆಮ್ಮುವುದು, ತಣ್ಣನೆಯ ಒಣಗಾಳಿಗೆ ಕೆಮ್ಮು ಏಳುವುದು ಆಸ್ತಮಾದ ಲಕ್ಷಣವೂ ಆಗಬಹುದು. ಆಸ್ತಮಾ ಇದ್ದರೂ ಹೊರಗಿನ ಆಟ ನಿಲ್ಲಿಸಬೇಕಿಲ್ಲ. ಬಾಯಿ ಮೂಗು ಮುಚ್ಚುವಂತೆ ನೆಕ್ ವಾರ್ಮರ್ ಎಳೆದು, ವೈದ್ಯರು ಕೊಟ್ಟರೆ ಹೊರಡುವ ಮುಂಚೆ ಇನ್ಹೇಲರ್ ತೆಗೆದುಕೊಂಡು ಎಷ್ಟೋ ಮಕ್ಕಳು ಆಡುತ್ತಾರೆ. ಈ ವಾರವೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಯಾವ ದಿನ ಕೆಮ್ಮಿದ, ಅಂದು ಎಷ್ಟು ಚಳಿಯಿತ್ತು, ಎಷ್ಟು ಓಡಿದ್ದ, ಉಸಿರಾಡುವಾಗ ಸುಂಯ್ ಎನ್ನುತ್ತಿತ್ತೇ ಎಂಬುದನ್ನು ಇಂದಿನಿಂದಲೇ ಒಂದು ಕಾಗದದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಉಸಿರು ಎಳೆಯುವಾಗ ಪಕ್ಕೆಲುಬು ಒಳಗೆ ಸೆಳೆಯುವುದು ಕಂಡರೆ, ಮಾತಾಡಲು ಉಸಿರು ಸಾಲದಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯದೆ 911ಕ್ಕೆ ಕರೆ ಮಾಡಿ. ವೈದ್ಯರು ಏನು ಹೇಳಿದರೆಂದು ನನಗೂ ಬರೆಯಿರಿ.